ಹಗ್ಗ ಮುಟ್ಟಿದವನ ಪಾಲು

೪ ನವೆಂಬರ್ ೧೯೩೬, ಬುಧವಾರ

ಬೆಳಿಗ್ಗೆ ದಡದಲ್ಲಿ ನಿಂತು ಎರಡು ಸಲ ರಂಪಣಿ ಬಲೆ ಎಳೆದೆವು. ಮೊದಲನೆಯದರಲ್ಲಿ ಬರೀ ಕಸ. ಎರಡನೆಯದರಲ್ಲಿ ಬಂಗುಡೆ ಮೀನು — ಪರವಾಗಿಲ್ಲ ಅನ್ನುವಷ್ಟು. ಬಲಗೈ ಹೆಬ್ಬೆರಳ ಬುಡ ಪುನಃ ಒಡೆದಿದೆ. ಪೆನ್ಸಿಲ್ ಹಿಡಿದರೆ ಉರಿ. ಆದರೂ ಬರೆಯುವುದೇ. ಬರೆಯದಿದ್ದರೆ ಐದನೇ ಫಾರಂ ತನಕ ಓದಿದವ ನಾನು ಎಂಬುದು ನನಗೇ ಮರೆತುಹೋದೀತು.

ಈ ಡೈರಿ ಕಳೆದ ವರ್ಷದ್ದು. ಇನ್ಶೂರೆನ್ಸ್ ಕಂಪೆನಿಯದ್ದು, ಡ್ರಿಲ್ ಮಾಸ್ಟ್ರು ಕೊಟ್ಟದ್ದು. ಈ ಪುಟದಲ್ಲಿ ಸೋಮವಾರ ಎಂದು ಅಚ್ಚಾಗಿದೆ. ಗೀಟು ಹಾಕಿ ಬುಧವಾರ ಮಾಡಿದೆ. ತಪ್ಪು ತಾರೀಕು ಕಂಡರೆ ನನಗೆ ಈಗ ಆಗುವುದಿಲ್ಲ.

ಬೊಂಬಾಯಿಯಿಂದ ತುಕ್ರನ ಕಾಗದ. ನಮ್ಮ ಬೋಳೂರಿನವನೇ, ನನ್ನ ಜೊತೆ ಓದಿದವ. ಹಗಲು ಕ್ಯಾಂಟೀನಿನಲ್ಲಿ ಕೆಲಸ, ಸಂಜೆ ನಮ್ಮ ಜನ ನಡೆಸುವ ನೈಟ್ ಹೈಸ್ಕೂಲು. "ನೀನೂ ಬಾ ಮಾರಾಯ. ಕ್ಯಾಂಟೀನಿನಲ್ಲಿ ಜಾಗ ಉಂಟು. ಆದರೆ ಟಿ.ಸಿ. ಇಲ್ಲದೆ ಬರಬೇಡ. ಅದಿಲ್ಲದವರನ್ನು ಬಾಗಿಲಲ್ಲೇ ನಿಲ್ಲಿಸ್ತಾರೆ."

ಟಿ.ಸಿ. ಒಂದು ಹಾಳೆ ಕಾಗದ. ಗುಡ್ಡೆಯ ಮೇಲಿನ ನಮ್ಮ ಹೈಸ್ಕೂಲಿನವರು ಎರಡು ವರ್ಷದಿಂದ ಅದನ್ನು ಬರೆಯದೆ ಕೂತಿದ್ದಾರೆ.

೮ ನವೆಂಬರ್, ಭಾನುವಾರ

ಉಮರಬ್ಬ ಮಾಸ್ಟ್ರು ಹೊಳೆ ದಾಟಿ ತಣ್ಣೀರುಬಾವಿಯ ಕಡಲಿಗೇ ಬಂದರು. ಇವರೇ ಡ್ರಿಲ್ ಮಾಸ್ಟ್ರು. ಬೂಟು ಕೈಯಲ್ಲಿ, ಪ್ಯಾಂಟು ಮೊಣಕಾಲಿಗೆ ಮಡಚಿದೆ, ಕೊರಳಲ್ಲಿ ಅದೇ ಸೀಟಿ.

"ಎಂತ ದೂಮಪ್ಪ, ಶಾಲೆ ಮರೆತಿಯಾ?"

"ನಾನು ಮರೆಯಲಿಲ್ಲ ಮಾಸ್ಟ್ರೇ. ಶಾಲೆ ನನ್ನನ್ನು ಮರೆತದ್ದು."

ನಕ್ಕರು. ಆಮೇಲೆ ಹೇಳಿದರು. ಶಾಲೆಗೆ ಇಪ್ಪತ್ತೈದು ವರ್ಷ. ಜನವರಿಯಲ್ಲಿ ಜುಬಿಲಿ. ಓಲ್ಡ್ ಬಾಯ್ಸ್ ಅಸೋಸಿಯೇಷನ್ ಅಂತ ಕಟ್ಟಿದ್ದಾರೆ. ಆರ್ಥರ್ ವಕೀಲರು ಸೆಕ್ರೆಟರಿ. ಗುಡ್ಡೆಯ ಕೆಳಗಿನ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳಿಗೂ ನಮ್ಮವರಿಗೂ ಹಗ್ಗಜಗ್ಗಾಟ. ಗೆದ್ದವರಿಗೆ ಬೆಳ್ಳಿಯ ಕಪ್ಪು. ಎಂಟು ಜನ ಬೇಕು. ಏಳು ಮಂದಿ ಸಿಕ್ಕಿದ್ದಾರೆ — ವಕೀಲರು, ಡಾಕ್ಟರು, ಕಾಫಿ ಕ್ಯೂರಿಂಗಿನ ಮ್ಯಾನೇಜರು, ಅಂಥವರು. ಹಗ್ಗದ ಬಾಲದಲ್ಲಿ ನಿಲ್ಲುವ ಗಟ್ಟಿಯವ ಇಲ್ಲ.

"ಅದಕ್ಕೆ ರಂಪಣಿ ಬಲೆ ಎಳೆಯುವವ ಬೇಕಾಯಿತಾ?"

"ನೀನೂ ಓಲ್ಡ್ ಬಾಯ್ ಅಲ್ಲವಾ?"

"ನನ್ನ ಹತ್ತಿರ ಟಿ.ಸಿ. ಇಲ್ಲ ಅಂತ ನಿಮಗೆ ಗೊತ್ತುಂಟು."

ಅವರು ಮರಳು ನೋಡಿದರು. "ಅದನ್ನು ಕೊಡಿಸುವಾ ಅಂತಲೇ ವಕೀಲರು ಹೇಳಿದ್ದು."

ಯಾಕೆ ಇಲ್ಲ ಎಂಬುದನ್ನು ಒಮ್ಮೆ ಸರಿಯಾಗಿ ಬರೆದಿಡುತ್ತೇನೆ. ೧೯೩೫ರ ಜನವರಿ, ಜಿಲ್ಲಾ ಸ್ಪೋರ್ಟ್ಸ್. ಜೂನಿಯರ್ ನಾನೂರನಲ್ವತ್ತು ಗಜದ ಓಟ ನಾನು ಗೆದ್ದೆ. ಅದರಿಂದ ಶಾಲೆಗೆ ಶೀಲ್ಡು ಬಂತು. ಇನ್‌ಸ್ಪೆಕ್ಟರು ನನ್ನ ಮೀಸೆ ನೋಡಿ ಕರೆದರು. ಹುಟ್ಟಿದ್ದು ಯಾವಾಗ? ಇನ್‌ಫ್ಲುಯೆಂಜಾ ವರ್ಷ, ಅಪ್ಪ ಆ ಜ್ವರದಲ್ಲಿ ಹೋದ ಎಂಟನೇ ದಿನ, ಎಂದೆ. ಅಮ್ಮ ಯಾವಾಗಲೂ ಹೇಳುವುದು ಹಾಗೇ. ಅಂದರೆ ೧೯೧೮ರ ಅಕ್ಟೋಬರ್. ಹದಿನಾರು ದಾಟಿದೆ, ಜೂನಿಯರಿಗೆ ಹದಿನಾರರ ಒಳಗಿರಬೇಕು. ರಿಜಿಸ್ಟರಿನಲ್ಲಿ ಇದ್ದದ್ದು ೧-೭-೧೯೨೦. ಆ ತಾರೀಕನ್ನು ನಾನು ಕೇಳಿದ್ದೇ ಅಂದು. ನಮ್ಮ ಕೇರಿಯಿಂದ ಆ ವರ್ಷ ಸೇರಿದ ಐದೂ ಹುಡುಗರು ಜುಲೈ ಒಂದಕ್ಕೇ ಹುಟ್ಟಿದವರು. ಗುಮಾಸ್ತ ಮುಖ ನೋಡಿ ಬರೆದುಕೊಂಡದ್ದು. ಮೀನು ಬುಟ್ಟಿ ಹೊತ್ತ ಹೆಂಗಸರ ಹತ್ತಿರ ತಾರೀಕು ಕೇಳುವುದು ಯಾಕೆ ಅಂತ.

ಶೀಲ್ಡು ಕೆಳಗಿನ ಶಾಲೆಗೆ ಹೋಯಿತು. ಹುಡುಗರು ನನಗೆ ಸತ್ಯಪ್ಪ ಎಂದು ಹೆಸರಿಟ್ಟರು. ಹೆಡ್ಮಾಸ್ಟ್ರು ಒಂದು ಕಾಗದ ಮುಂದಿಟ್ಟರು — "ನನ್ನ ತಾಯಿ ಸುಳ್ಳು ತಾರೀಕು ಕೊಟ್ಟು ಶಾಲೆಯನ್ನು ವಂಚಿಸಿದ್ದಕ್ಕೆ ಕ್ಷಮೆ ಬೇಡುತ್ತೇನೆ." ಸಹಿ ಹಾಕು, ಇಲ್ಲದಿದ್ದರೆ ಹೊರಗೆ. ಟಿ.ಸಿ.ಯೂ ಇಲ್ಲ.

ಹಾಕಲಿಲ್ಲ. ಅಮ್ಮ ಸುಳ್ಳು ಹೇಳಲಿಲ್ಲ. ಅಮ್ಮನನ್ನು ಯಾರೂ ಕೇಳಿಯೇ ಇರಲಿಲ್ಲ.

೧೧ ನವೆಂಬರ್

ಅಮ್ಮನಿಗೆ ಹೇಳಿದೆ. ಉರ್ವದ ಮಾರ್ಕೆಟಿನಿಂದ ಬಂದು ಬುಟ್ಟಿ ತೊಳೆಯುತ್ತಿದ್ದಳು.

"ಹೋಗು. ಎಳಿ. ತಕೊಂಡು ಬಾ."

"ತಾರೀಕು?"

"ತಾರೀಕು ಎಂತ ಕಚ್ತದಾ?"

"ಆ ತಾರೀಕು ಹಿಡಿದರೆ ಅಪ್ಪ ಸತ್ತು ಇಪ್ಪತ್ತು ತಿಂಗಳು ಕಳೆದ ಮೇಲೆ ನಾನು ಹುಟ್ಟಿದ್ದು. ಓದಿದವರು ಎಂತ ಅಂತಾರೆ?"

ಬುಟ್ಟಿ ಬೋರಲು ಹಾಕಿದಳು. "ನಿನ್ನನ್ನು ಹೆತ್ತದ್ದು ನಾನು. ಯಾವಾಗ ಅಂತ ನನಗೆ ಗೊತ್ತುಂಟು. ನನ್ನ ಮರ್ಯಾದೆಗೆ ನೀನು ಕಾವಲು ಕೂತುಕೊಳ್ಳುವುದು ಬೇಡ. ಗಂಜಿ ಉಂಟು, ಉಣ್ಣು."

೧೬ ನವೆಂಬರ್, ಸೋಮವಾರ

ಹಂಪನಕಟ್ಟೆಯಲ್ಲಿ ಆರ್ಥರ್ ವಕೀಲರ ಆಫೀಸು. ಕೂತುಕೊಳ್ಳಲು ಹೇಳಿದರು. ಕುರ್ಚಿಯ ಬೆತ್ತ ನೋಡಿ ನಾನೇ ಕೂರಲಿಲ್ಲ. ಲುಂಗಿಯಲ್ಲಿ ಮೀನಿನ ನೀರು. ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಾರೆ. ಮಾತು ಸಲೀಸು.

"ಆ ಕ್ಷಮೆ ಕಾಗದ ಎಲ್ಲ ಬಿಡು. ಹೆಡ್ಮಾಸ್ಟರರಿಗೆ ನಾನು ಹೇಳಿದ್ದೇನೆ. ನೀನು ಹಗ್ಗ ಹಿಡಿ, ಟಿ.ಸಿ. ನನ್ನ ಜವಾಬ್ದಾರಿ."

"ತಾರೀಕು ಸರಿ ಮಾಡಿಸ್ತೀರಾ?"

"ಅಫಿಡವಿಟ್ ಒಂದು ಹಾಕಿದರೆ ಆಯ್ತು. ಅದನ್ನೂ ನೋಡಿಕೊಳ್ತೇನೆ."

"ಯಾವಾಗ ಸಿಗ್ತದೆ?"

"ಎಂತ ಅವಸರ ಮಾರಾಯ! ಜುಬಿಲಿ ಮುಗಿಯುವುದರೊಳಗೆ."

ಕೈ ಕುಲುಕಿದರು. ಅವರ ಕೈ ಬೆಣ್ಣೆ. ಈ ಕೈಯಲ್ಲಿ ಹಗ್ಗ ಎಳೆಯುವುದು ಹೇಗೆ ಎಂದೇ ಯೋಚಿಸುತ್ತಾ ಬೋಳೂರಿಗೆ ನಡೆದೆ. ಖುಷಿಯಾಗಿತ್ತು. ಅದನ್ನೂ ಬರೆಯಬೇಕು — ಬಹಳ ಖುಷಿಯಾಗಿತ್ತು.

೨೨ ನವೆಂಬರ್, ಭಾನುವಾರ

ಶಾಲೆಯ ಮೈದಾನದಲ್ಲಿ ಮೊದಲ ಅಭ್ಯಾಸ. ಎರಡು ವರ್ಷದ ನಂತರ ಆ ಗೇಟು ದಾಟಿದೆ. ಎದುರು ಪಕ್ಷಕ್ಕೆ ಆರನೇ ಫಾರಂನ ಹುಡುಗರು. ನಮ್ಮ ಎಂಟು ಜನರನ್ನು ಗೋಣಿ ಎಳೆದ ಹಾಗೆ ಎಳೆದುಕೊಂಡು ಹೋದರು. ಡಾಕ್ಟರ ಧೋತರ ಬಿಚ್ಚಿತು. ಮ್ಯಾನೇಜರು ಅಂಗೈ ಊದಿಕೊಳ್ಳುತ್ತಾ ಕೂತರು. ಹುಡುಗರಲ್ಲಿ ಒಬ್ಬ ಕೂಗಿದ — "ಸತ್ಯಪ್ಪಣ್ಣ, ಸೋತದ್ದು ಸತ್ಯವಾ?"

ಉಮರಬ್ಬ ಮಾಸ್ಟ್ರು ಸೀಟಿ ಊದಿ ಅವನನ್ನು ಮೈದಾನಕ್ಕೆ ಎರಡು ಸುತ್ತು ಓಡಿಸಿದರು. ಆಮೇಲೆ ನನ್ನ ಹತ್ತಿರ — "ಇವರಿಗೆ ಎಂತ ತಪ್ಪುವುದು?"

"ಇವರು ಕೈಯಲ್ಲಿ ಎಳೆಯುತ್ತಾರೆ. ಹಗ್ಗ ಎಳೆಯುವುದು ಬೆನ್ನಿನಲ್ಲಿ. ಮತ್ತೆ, ಭಾರ ಬಂದಾಗ ಎಳೆಯುತ್ತಾರೆ. ಭಾರ ಬಂದಾಗ ಹಿಡಿದು ನಿಲ್ಲಬೇಕು, ಸಡಿಲವಾದಾಗ ಎಳೆಯಬೇಕು. ಅಲೆ ವಾಪಸು ಹೋಗುವಾಗ ಬಲೆ ಎಳೆದರೆ ಹಗ್ಗ ಹರಿಯುವುದೇ."

"ಇದನ್ನು ಮೈದಾನದಲ್ಲಿ ಹೇಳಿ ಕೊಡಲಿಕ್ಕೆ ಆಗ್ತದಾ?"

"ಇಲ್ಲ. ಕಡಲಿಗೆ ಬರಬೇಕು."

೨೯ ನವೆಂಬರ್, ಭಾನುವಾರ

ಬಂದರು! ಏಳು ಮಂದಿಯೂ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ. ಒಬ್ಬರು ಕೊಡೆ ಹಿಡಿದುಕೊಂಡು. ನಮ್ಮ ತಂಡದವರೆಲ್ಲ ಮೀನು ಬಿಟ್ಟು ಇವರನ್ನೇ ನೋಡುವುದು.

ಸೇಸಪ್ಪ ಮಾವ ನಮ್ಮ ರಂಪಣಿಯ ಯಜಮಾನ. ಅಮ್ಮನ ಅಣ್ಣ. ನನ್ನನ್ನು ಸಾಕಿದವ. ಶಾಲೆ ಎಂದರೆ ಅವನಿಗೆ ಮೊದಲಿನಿಂದಲೂ ನಗು.

"ದೂಮ, ಇವರು ಬಲೆ ಎಳೆಯುವವರಾ, ಬಲೆಯಲ್ಲಿ ಬೀಳುವವರಾ?"

"ಮೆಲ್ಲ ಮಾವ, ಕೇಳ್ತದೆ ಅವರಿಗೆ."

"ಕೇಳಲಿ. ತುಳು ಬರ್ತದಲ್ಲ ವಕೀಲರಿಗೆ."

ವಕೀಲರಿಗೇ ನಗು ಬಂತು. ಹಗ್ಗಕ್ಕೆ ಕೈ ಹಚ್ಚಿದರು. ಎರಡು ಕಡೆಯೂ ನಲ್ವತ್ತು ನಲ್ವತ್ತು ಜನ, ಅದರ ನಡುವೆ ಇವರು ಏಳು. ನಾನು ಹಿಂದಿನಿಂದ ಕೂಗುತ್ತಿದ್ದೆ — ಹಿಡಿ, ಹಿಡಿ, ಈಗ ತೆಗೆ! ಮೊದಲು ಎಡವಿದರು. ಡಾಕ್ಟರು ಎರಡು ಸಲ ಕೂತರು. ಆಮೇಲೆ ಮೆಲ್ಲ ಮೆಲ್ಲ ಕಾಲಿಗೆ ಅರ್ಥವಾಯಿತು. ಅಲೆ ಹೋಗುವಾಗ ಹಿಮ್ಮಡಿ ಊರಿ ಒರಗುವುದು, ಅಲೆ ಬರುವಾಗ ಎಂಟು ಹೆಜ್ಜೆ ಒಟ್ಟಿಗೆ. ಬಲೆಯ ಚೀಲ ದಡಕ್ಕೆ ಬಂದಾಗ ವಕೀಲರು ಕೂಗಿದ ಕೂಗು ಕೋರ್ಟಿನಲ್ಲಿ ಕೂಗಿರಲಿಕ್ಕಿಲ್ಲ.

ಬಲೆ ಒಂದು ಕಡೆ ಹರಿದು ಅರ್ಧ ಹೋಯಿತು, ಆದರೂ ಒಳ್ಳೆಯ ಬಂಗುಡೆ ಉಳಿಯಿತು. ಪಾಲು ಮಾಡುವಾಗ ಮಾವ ಏಳು ಪಾಲು ಬೇರೆ ತೆಗೆದ. ಎಲೆಯ ಮೇಲೆ ಹಾಕಿ ಅವರ ಮುಂದಿಟ್ಟ. ವಕೀಲರು ಕೋಟಿನ ಜೇಬಿಗೆ ಕೈ ಹಾಕಿ ನೋಟು ತೆಗೆದರು.

ಮಾವನ ಮುಖ ಕೆಟ್ಟಿತು. "ಇದು ಮಾರಿದ್ದಲ್ಲ. ನೀವು ಹಗ್ಗ ಮುಟ್ಟಿದ್ದೀರಿ. ಮುಟ್ಟಿದವನಿಗೆ ಪಾಲು ಉಂಟು. ಮುದುಕನಾಗಲಿ, ದಾರಿಹೋಕನಾಗಲಿ. ಹೆಸರು ಕೇಳುವ ಕ್ರಮ ನಮ್ಮಲ್ಲಿಲ್ಲ."

"ನಾವು ಹತ್ತು ನಿಮಿಷ ಎಳೆದದ್ದು ಯಜಮಾನ್ರೇ."

"ಮೀನಿಗೆ ಅದು ಗೊತ್ತಿಲ್ಲ."

ತಕೊಂಡು ಹೋದರು. ದೋಣಿಯಲ್ಲಿ ನಗುತ್ತಾ ಹೋದರು. ನನಗೆ ಅಂದು ಅವರೆಲ್ಲ ನನ್ನವರು ಅನಿಸಿತ್ತು. "ನಮ್ಮ ಟೀಮು" ಎಂದು ಬರೆಯಲಿಕ್ಕೆ ಹೊರಟೆ. ಬೇಡ, ಕಪ್ಪು ಬರಲಿ.

೨೦ ಡಿಸೆಂಬರ್, ಭಾನುವಾರ

ಮೂರು ವಾರ ಬರೆಯಲಿಲ್ಲ. ಬೆಳಿಗ್ಗೆ ಬಲೆ, ಸಂಜೆ ಮೈದಾನ. ಮೈ ಹುಡಿ. ಇಂದು ಆರನೇ ಫಾರಂನ ಹುಡುಗರನ್ನು ಮೂರಕ್ಕೆ ಮೂರೂ ಸಲ ಎಳೆದೆವು. ಸತ್ಯಪ್ಪ ಎಂದು ಯಾರೂ ಕೂಗಲಿಲ್ಲ.

ಅಸೋಸಿಯೇಷನ್ನಿನ ನಿಯಮ ಅಚ್ಚು ಹಾಕಿಸಿದ್ದಾರೆ. ಮೂರನೆಯದು: "ಟಿ.ಸಿ. ಪಡೆದು ಶಾಲೆ ಬಿಟ್ಟವರೇ ಹಳೆ ವಿದ್ಯಾರ್ಥಿಗಳು." ವಕೀಲರಿಗೆ ತೋರಿಸಿದೆ.

"ನನ್ನದು ಆಯಿತಾ?"

"ಆಗ್ತಾ ಉಂಟು."

"ಪಂದ್ಯದ ಮೊದಲು ಕೈಗೆ ಸಿಗಬೇಕು. ಇಲ್ಲದಿದ್ದರೆ ನಾನು ನಿಂತರೆ ಸುಳ್ಳಾಗ್ತದೆ."

"ನೀನು ನಿಯಮ ಓದುವುದಕ್ಕೆ ಅಲ್ಲ ಬಂದದ್ದು, ಹಗ್ಗ ಎಳೆಯಲಿಕ್ಕೆ" ಎಂದರು. ನಗುತ್ತಲೇ ಹೇಳಿದ್ದು. ಬೆನ್ನು ತಟ್ಟಿದರು ಕೂಡ.

೩೧ ಡಿಸೆಂಬರ್

ತುಕ್ರನ ಇನ್ನೊಂದು ಕಾಗದ. ನೈಟ್ ಸ್ಕೂಲಿನ ಫಾರಂ ಒಳಗೆ ಮಡಚಿ ಕಳಿಸಿದ್ದಾನೆ. ಜನವರಿ ಕೊನೆಯೊಳಗೆ ಸೇರಬೇಕು. ಆಮೇಲೆ ಬರುವ ವರ್ಷ. ಅಲ್ಲಿನ ಗುಮಾಸ್ತ ಬೋಳೂರಿನವನೇ, ಇವನ ದೊಡ್ಡ ಮಾವ. ನನ್ನ ಅಪ್ಪನ ಹೆಣ ಹೊತ್ತ ನಾಲ್ವರಲ್ಲಿ ಒಬ್ಬ. "ದೂಮಪ್ಪನ ಮಗನಾ? ಬರಲಿ, ನಾನಿದ್ದೇನೆ" ಅಂದನಂತೆ. ಅಪ್ಪನ ಹೆಸರೇ ನನಗೆ ಇಟ್ಟದ್ದು.

ಬರುವ ವರ್ಷ ಎಂದರೆ ನನಗೆ ಹತ್ತೊಂಬತ್ತು ದಾಟುತ್ತದೆ. ಇಷ್ಟರ ಮೇಲೆ ಕಾಯಲಿಕ್ಕೆ ನನ್ನಿಂದ ಆಗುವುದಿಲ್ಲ.

೬ ಜನವರಿ ೧೯೩೭, ಬುಧವಾರ

ಜನವರಿಗೆ ಪುಸ್ತಕದ ಮೊದಲ ಪುಟಗಳಿಗೆ ವಾಪಸು ಬಂದೆ. ಹೊಸ ವರ್ಷ ಬರೆಯಲಿಕ್ಕೆ ಹಿಂದೆ ಹೋಗಬೇಕಾಯಿತು.

ಶಾಲೆಯ ತುಂಬ ಕಮಾನು, ಬಣ್ಣದ ಕಾಗದ. ಸ್ಕೌಟು ಹುಡುಗರು ಬ್ಯಾಂಡು ಹೊಡೆಯುತ್ತಿದ್ದರು. ಸಭಾಂಗಣದೊಳಗೆ ಹೋದೆ. ಗೋಡೆಯಲ್ಲಿ ವರ್ಷ ವರ್ಷದ ಶೀಲ್ಡುಗಳು ಸಾಲಾಗಿ. ೧೯೩೫ರದ್ದು ಇದ್ದ ಜಾಗದಲ್ಲಿ ಮೊಳೆ ಇನ್ನೂ ಉಂಟು. ಸುಣ್ಣ ಹೊಡೆದಿದ್ದಾರೆ, ಮೊಳೆಗೂ ಸೇರಿಸಿ. ಕೀಳಬಹುದಿತ್ತು. ಕೀಳಲಿಲ್ಲ.

ಹೆಡ್ಮಾಸ್ಟ್ರು ಎದುರಾದರು. ನೋಡಿದರು. "ಓ" ಎಂದರು. ಹೋದರು.

೯ ಜನವರಿ, ಶನಿವಾರ, ಬೆಳಿಗ್ಗೆ

ಇಂದು ಮೂರು ಗಂಟೆಗೆ. ಟಿ.ಸಿ. ಇನ್ನೂ ಸಿಗಲಿಲ್ಲ. ಅಮ್ಮ ನನ್ನ ಅಂಗಿ ಒಗೆದು ಗಂಜಿ ಹಾಕಿ ಕೊಟ್ಟಿದ್ದಾಳೆ. ಮಾವನೂ ಬರುತ್ತಾನಂತೆ — "ನಿಮ್ಮ ಒಣ ನೆಲದ ರಂಪಣಿ ನೋಡುವಾ" ಅಂತ. ಪಂದ್ಯಕ್ಕೆ ಮುಂಚೆ ವಕೀಲರ ಹತ್ತಿರ ಕೇಳಿಯೇ ಕೇಳುತ್ತೇನೆ.

೧೦ ಜನವರಿ, ಭಾನುವಾರ

ಬರೆಯುತ್ತೇನೆ. ಆದದ್ದು ಆದ ಹಾಗೆ.

ಕೇಳಿದೆ. ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದರು. "ಎಳೆದ ಮೇಲೆ" ಎಂದರು. ಸೀಟಿ ಬಿತ್ತು. ನಾನು ಹಗ್ಗದ ಬಾಲ ಹೆಗಲಿಗೆ ಸುತ್ತಿಕೊಂಡೆ. ಅಲ್ಲಿಯೇ ನಾನು ತಪ್ಪಿದ್ದು. ಕಾಗದ ಇಲ್ಲದೆ ನಿಲ್ಲಬಾರದಿತ್ತು. ನಿಂತೆ. ಗೆಲ್ಲಬೇಕೆಂಬ ಆಸೆ ನನಗೂ ಇತ್ತು.

ಕೆಳಗಿನ ಶಾಲೆಯವರು ದಢೂತಿ ಜನ. ಪೊಲೀಸಿನವರು ಇಬ್ಬರು, ಅವರ ಕ್ಯಾಪ್ಟನ್ ಫಾರೆಸ್ಟ್ ರೇಂಜರ್. ಮೊದಲು ಒಂದೇ ಸಲಕ್ಕೆ ಎಳೆದರು. ನಾನು ಒರಗಿ ಕೂಗಿದೆ — ಹಿಡಿ! ನಮ್ಮವರು ಹಿಡಿದರು. ಒಬ್ಬನ ಕಾಲೂ ಜಾರಲಿಲ್ಲ. ಅವರ ಉಸಿರು ಮುರಿದದ್ದು ಹಗ್ಗದಲ್ಲೇ ಗೊತ್ತಾಯಿತು. ತೆಗೆ! ಎಂಟು ಹೆಜ್ಜೆ, ನಿಲುಗಡೆ, ಪುನಃ ಎಂಟು ಹೆಜ್ಜೆ. ಗೆರೆ ದಾಟಿ ಬಿದ್ದರು. ಮೈದಾನವೇ ಎದ್ದು ನಿಂತಿತು. ಡಾಕ್ಟರು ನನ್ನನ್ನು ಅಪ್ಪಿಕೊಂಡರು. ಮೂರರಲ್ಲಿ ಒಂದು ನಮ್ಮದು.

ಎರಡನೆಯದಕ್ಕೆ ಮುಂಚೆ ರೇಂಜರ್ ರೆಫರಿಯ ಹತ್ತಿರ ಹೋದ. ನನ್ನ ಕಡೆ ಬೆರಳು.

"ಈ ಬಾಲದವ ನಿಮ್ಮ ಓಲ್ಡ್ ಬಾಯಾ? ಟಿ.ಸಿ. ಉಂಟಾ ಇವನಿಗೆ?"

"ಉಂಟು" ಎಂದರು ವಕೀಲರು.

"ನಿಮ್ಮ ಮಾತು ಬೇಡ ವಕೀಲರೇ. ಇವನನ್ನೇ ಕೇಳುವಾ. ಎರಡು ವರ್ಷದ ಹಿಂದೆ ನಮಗೆ ಶೀಲ್ಡು ಕೊಡಿಸಿದವ ಇವನೇ ಅಲ್ಲವಾ? ಇವ ಸುಳ್ಳು ಹೇಳುವುದಿಲ್ಲ, ಇಡೀ ಜಿಲ್ಲೆಗೆ ಗೊತ್ತುಂಟು."

ಜನ ನಕ್ಕರು. ರೆಫರಿ ನನ್ನ ಮುಂದೆ ಬಂದು ನಿಂತರು. "ಹೇಳಪ್ಪ. ಟಿ.ಸಿ. ಸಿಕ್ಕಿದೆಯಾ?"

ಹೌದು ಎನ್ನುವಾ ಎಂದು ಒಮ್ಮೆ ಅನಿಸಿತು. ಅನಿಸಿತ್ತೆಂದೂ ಬರೆಯಬೇಕು. ಬೊಂಬಾಯಿ ಕಣ್ಣ ಮುಂದೆ ಬಂತು. ವಕೀಲರು ನನ್ನನ್ನು ನೋಡುತ್ತಿದ್ದರು, ಹೌದು ಅನ್ನು ಎಂಬ ಹಾಗೆ ತಲೆ ಆಡಿಸುತ್ತಾ. ಆದರೆ ನನ್ನ ಬಾಯಿ ಆಗಲೇ ಹೇಳಿಬಿಟ್ಟಿತ್ತು.

"ಇಲ್ಲ. ನನಗೆ ಟಿ.ಸಿ. ಕೊಟ್ಟಿಲ್ಲ."

ಸತ್ಯದ ಮೇಲಿನ ಪ್ರೀತಿಯಿಂದ ಅಲ್ಲ. ಅಭ್ಯಾಸ.

ಆಗ ವಕೀಲರು ಓಡಿದರು. ಕುರ್ಚಿಯ ಮೇಲಿನ ಕೋಟು ಎತ್ತಿ ಒಳಜೇಬಿನಿಂದ ಒಂದು ಕಾಗದ ಎಳೆದು ತಂದರು. "ಇಲ್ಲಿದೆ! ಇಲ್ಲಿದೆ ಅವನ ಟಿ.ಸಿ.! ಹೆಡ್ಮಾಸ್ಟರರ ಸಹಿ ನೋಡಿ!"

ನಾನು ಹಗ್ಗ ಬಿಟ್ಟೆ.

ರೆಫರಿ ಕಾಗದ ಓದಿದರು. "ಇದು ನಿನ್ನೆಯ ತಾರೀಕು. ಎಂಟು, ಒಂದು, ಮೂವತ್ತೇಳು."

"ಎಳೆಯಲಿಕ್ಕೆ ಅಂತಲೇ ಬರೆಸಿದ್ದು" ಎಂದ ರೇಂಜರ್. "ಟಿ.ಸಿ. ಉಂಟೆಂದು ಟಿ.ಸಿ.ಯವನಿಗೇ ಗೊತ್ತಿಲ್ಲ. ಒಳ್ಳೆ ಓಲ್ಡ್ ಬಾಯ್!"

"ಪಡೆದವರು ಎಂದು ನಿಮ್ಮ ನಿಯಮದಲ್ಲೇ ಉಂಟು" ಎಂದರು ರೆಫರಿ. "ಇವ ಪಡೆದಿಲ್ಲ."

ನಮ್ಮ ಟೀಮು ರದ್ದು. ಕಪ್ಪು ಅವರಿಗೆ. ಹುಡುಗರ ಗುಂಪಿನಿಂದ ಶುರುವಾಯಿತು — ಸತ್ಯಪ್ಪಾ, ಸತ್ಯಪ್ಪಾ. ಬ್ಯಾಂಡಿನ ತಾಳಕ್ಕೆ. ವಕೀಲರು ನನ್ನ ಮುಂದೆ ಬಂದು ನಿಂತರು. ಬೆವರು ಸುರಿಯುತ್ತಿತ್ತು. "ಒಂದು ಮಾತು. 'ಉಂಟು' ಎಂಬ ಒಂದು ಮಾತು ಹೇಳಿದ್ದರೆ ಅದೇ ಸತ್ಯವಾಗಿತ್ತು, ಮೂರ್ಖ!"

"ನಿಮ್ಮ ಜೇಬಿನಲ್ಲಿ ಇದ್ದದ್ದು ನನಗೆ ಹೇಗೆ ಗೊತ್ತಾಗಬೇಕು?"

ಕಾಗದ ಮುದ್ದೆ ಮಾಡಿ ನೆಲಕ್ಕೆ ಹಾಕಿ ಹೋದರು. ನಾನು ಹೆಕ್ಕಲಿಲ್ಲ. ಬಗ್ಗಲಿಕ್ಕೆ ಆಗಲಿಲ್ಲ, ಅಷ್ಟು ಜನರ ಎದುರು.

ಆಮೇಲೆ ಫೋಟೋ ತೆಗೆದರು. ಏಳು ಜನ ಮತ್ತು ನನ್ನ ಜಾಗದಲ್ಲಿ ಹೆಡ್ಮಾಸ್ಟ್ರು. ಮಾವ ಮತ್ತು ನಾನು ಗೇಟಿನ ಹೊರಗಿನಿಂದ ನೋಡಿದೆವು. ಬೋಳೂರಿನಲ್ಲಿ ಮನೆ ಹತ್ತಿರ ಬಂದಾಗ ಮಾವ, "ಎಳೆದದ್ದು ಚಂದ ಇತ್ತು" ಎಂದ.

೧೩ ಜನವರಿ

ದೊಡ್ಡ ಬಲೆ ಬಿತ್ತು. ಪಾಲು ಮಾಡುವಾಗ ಮಾವ ಒಂದು ಪಾಲು ಹೆಚ್ಚು ತೆಗೆದ. "ಇದನ್ನು ನಿನ್ನ ವಕೀಲನಿಗೆ ಮುಟ್ಟಿಸು."

"ಯಾಕೆ?"

"ಅವತ್ತು ಹರಿದ ಬಲೆಯಿಂದ ಅರ್ಧ ಮೀನು ಹೋಗಿತ್ತು. ಕೊನೆಯ ಪಾಲು ಅವನದ್ದು, ಕಡಿಮೆ ಬಿದ್ದಿತ್ತು. ಬಾಕಿ."

"ನಾನು ಹೋಗುವುದಿಲ್ಲ."

"ಹೋಗಬೇಡ. ನಿನ್ನ ಅಮ್ಮ ಹೋಗ್ತಾಳೆ."

ಅಮ್ಮ ಹೋದಳು. ಹಿಂದಿನ ಬಾಗಿಲಲ್ಲಿ ಅಡುಗೆಯವಳು ತೆಗೆದುಕೊಂಡಳಂತೆ. ಯಾರ ಮೀನು ಎಂದು ಕೇಳಲಿಲ್ಲವಂತೆ. ಮಾವ ಇದನ್ನು ಕೇಳಿ ಹೊಟ್ಟೆ ತುಂಬ ನಕ್ಕ. ನನಗೆ ನಗು ಬರಲಿಲ್ಲ. ಹಗ್ಗ ಹತ್ತು ನಿಮಿಷ ಮುಟ್ಟಿದವನ ಪಾಲು ಮಾವನಿಗೆ ನೆನಪುಂಟು. ಎರಡು ತಿಂಗಳು ಎಳೆದವನನ್ನು ಅವರು ಫೋಟೋದಿಂದ ತೆಗೆದರು.

೨೧ ಜನವರಿ, ಗುರುವಾರ

ಉಮರಬ್ಬ ಮಾಸ್ಟ್ರು ಮನೆಗೇ ಬಂದರು. ಜಗಲಿಯಲ್ಲಿ ಕೂತರು. ಸೀಟಿ ಕೊರಳಲ್ಲಿ ಇರಲಿಲ್ಲ. ಪುಸ್ತಕದ ನಡುವೆ ಇಟ್ಟು ಸಪಾಟು ಮಾಡಿದ ಕಾಗದ ಕೊಟ್ಟರು. ಸುಕ್ಕು ಇನ್ನೂ ಹೋಗಿಲ್ಲ.

"ಅಂದು ನಾನು ಹೆಕ್ಕಿಟ್ಟೆ. ಸಹಿ, ಸೀಲು ಎಲ್ಲ ಸರಿ ಉಂಟು. ರದ್ದು ಮಾಡಲಿಕ್ಕೆ ಅವರಿಗೆ ಆಗುವುದಿಲ್ಲ."

"ಜೇಬಿನಲ್ಲಿ ಇದ್ದದ್ದು ನಿಮಗೆ ಗೊತ್ತಿತ್ತಾ?"

ಅವರ ಕೈ ಸೀಟಿ ಇಲ್ಲದ ಕೊರಳಿಗೆ ಹೋಯಿತು.

"ಗೊತ್ತಿತ್ತು."

"ಹೇಳಲಿಲ್ಲ."

"ವಕೀಲರು ಹೇಳಿದರು — ಮೀನಿನವರ ಹುಡುಗ, ಕಾಗದ ಕೈಗೆ ಸಿಕ್ಕಿದರೆ ಸೀದಾ ಬೊಂಬಾಯಿ ಸ್ಟೀಮರ್ ಹತ್ತುತ್ತಾನೆ, ಪಂದ್ಯಕ್ಕೆ ಸಿಗುವುದಿಲ್ಲ ಅಂತ."

"ನೀವೂ ಹಾಗೇ ಎಣಿಸಿದಿರಾ?"

"ಇಲ್ಲ." ಆಮೇಲೆ — "ಆದರೆ ಇಲ್ಲ ಅಂತ ಹೇಳಲಿಲ್ಲ. ನನ್ನ ಕೆಲಸವೂ ಅಲ್ಲೇ ಉಂಟಲ್ಲ ದೂಮಪ್ಪ."

ಅವರ ಮೇಲೆ ಸಿಟ್ಟು ಬಂತು. ಅದಕ್ಕಿಂತ ಜಾಸ್ತಿ, ಅವರು ಸತ್ಯ ಹೇಳಿಬಿಟ್ಟರಲ್ಲ ಎಂದು ಸಂಕಟ. ಸುಳ್ಳು ಹೇಳಿದ್ದರೆ ಸುಲಭವಿತ್ತು. ಅಮ್ಮ ಕಾಫಿ ತಂದಳು. ಕುಡಿದು ಹೋದರು.

ಅವರು ಹೋದ ಮೇಲೆ ಕಾಗದ ಓದಿದೆ. ನಡತೆ: ತೃಪ್ತಿಕರ. ಬಿಟ್ಟ ಕಾರಣ: ಸ್ವಂತ ಇಚ್ಛೆ. ಹುಟ್ಟಿದ ತಾರೀಕು: ೧-೭-೧೯೨೦, ತಾಯಿಯ ಹೇಳಿಕೆಯಂತೆ.

ತಾಯಿಯ ಹೇಳಿಕೆಯಂತೆ! ಎರಡು ವರ್ಷದ ಹಿಂದೆ ನಾನು ಸಹಿ ಹಾಕದ ಮಾತು. ನನ್ನ ಸಹಿ ಬೇಡದೆಯೇ ಬರೆದುಕೊಂಡರು. ಅಫಿಡವಿಟ್ ಮಾಡಿಸುತ್ತೇನೆ ಎಂದ ಮನುಷ್ಯ ಈಗ ನನ್ನ ಕಂಡರೆ ರಸ್ತೆ ದಾಟುತ್ತಾನೆ.

೨೪ ಜನವರಿ, ಭಾನುವಾರ

ಸ್ಟೀಮರ್ ಬುಧವಾರ. ಅಮ್ಮ ನನ್ನ ಬಟ್ಟೆ ಕಟ್ಟಿಟ್ಟಿದ್ದಾಳೆ, ಒಣಮೀನೂ. ನಾನು ಹೊರಟೆ ಎಂದು ಹೇಳಿಲ್ಲ, ಹೊರಡುವುದಿಲ್ಲ ಎಂದೂ ಹೇಳಿಲ್ಲ.

"ಆ ಗುಮಾಸ್ತ ಅಪ್ಪನನ್ನು ಹೊತ್ತವನು" ಎಂದೆ. "ತಾರೀಕು ನೋಡಿದ ಕೂಡಲೇ ಅವನಿಗೆ ಗೊತ್ತಾಗ್ತದೆ."

"ಗೊತ್ತಾಗಲಿ. ಸುಳ್ಳು ಅಂತಲೂ ಗೊತ್ತಾಗ್ತದಲ್ಲ."

"ಗೊತ್ತಿದ್ದೂ ಬರೆದುಕೊಳ್ತಾನೆ. ನಾನೂ ಗೊತ್ತಿದ್ದೂ ಕೊಡಬೇಕು. ಅವನ ಮುಖ ನಾನು ಹೇಗೆ ನೋಡುವುದು?"

ಮಾವ ಬಲೆಯ ಗಂಟು ಹಾಕುತ್ತಾ ಕೂತಿದ್ದ. "ಅಷ್ಟು ಕಷ್ಟ ಯಾಕೆ? ನಿನ್ನ ಅಪ್ಪ ಸತ್ತದ್ದು ಇಪ್ಪತ್ತೊಂದರಲ್ಲಿ ಅಂತ ಫಾರಂನಲ್ಲಿ ಬರಿ. ಪಾಪ, ಕಾಗದದಲ್ಲಾದರೂ ಮೂರು ವರ್ಷ ಹೆಚ್ಚು ಬದುಕಲಿ."

ತಮಾಷೆಗೆ ಹೇಳಿದ್ದು. ಅಮ್ಮ ನಗಲಿಲ್ಲ. ಒಳಗೆ ಹೋದಳು. ಒಳಗಿನಿಂದಲೇ ಹೇಳಿದಳು — "ಅವರನ್ನು ಮುಟ್ಟಬೇಡಿ. ನನ್ನದು ಎಂತ ಬೇಕಾದರೂ ಬರೆಯಲಿ. ಅವರು ಹೋದದ್ದು ಯಾವಾಗ ಅಂತ ನನಗೆ ಗೊತ್ತುಂಟು."

೨೬ ಜನವರಿ, ಮಂಗಳವಾರ, ಸಂಜೆ

ಕಡಲಿಗೆ ಹೋಗಲಿಲ್ಲ. ಇಂದು ನನ್ನ ಪಾಲು ಇಲ್ಲ. ಸ್ಟೀಮರ್ ನಾಳೆ ಬೆಳಿಗ್ಗೆ. ಹೋಗುವುದಾದರೆ ಫಾರಂ ಇಂದೇ ತುಂಬಿಸಬೇಕು. ಟಿ.ಸಿ. ಎದುರಿಗೆ ಇಟ್ಟುಕೊಂಡಿದ್ದೇನೆ, ಸುಕ್ಕಿನ ಮೇಲೆ ಚಿಮಿಣಿ ದೀಪ ಭಾರಕ್ಕೆ ಇಟ್ಟು. ಚಿತ್ತು ಆಗಬಾರದು ಎಂದು ಮೊದಲು ಇಲ್ಲಿ ಬರೆದು ನೋಡುತ್ತೇನೆ. ಅಪ್ಪ ಇಲ್ಲದವರಿಗೆ ಫೀಸಿಲ್ಲವಂತೆ. ಅದಕ್ಕೆ ಅಪ್ಪ ತೀರಿಕೊಂಡದ್ದು ಯಾವಾಗ ಎಂದೂ ಕೇಳಿದ್ದಾರೆ.

ಹೆಸರು — ದೂಮಪ್ಪ.

ಊರು — ಬೋಳೂರು, ಮಂಗಳೂರು.

ತಾಯಿ — ರಾಜೀವಿ. ಮೀನು ಮಾರಾಟ.

ತಂದೆ ಇದ್ದಾರೆಯೇ — ಇಲ್ಲ.

ತೀರಿಕೊಂಡ ತಿಂಗಳು, ವರ್ಷ — ಅಕ್ಟೋಬರ್ ೧೯೧೮.

ಹುಟ್ಟಿದ ತಾರೀಕು, ಟಿ.ಸಿ.ಯಲ್ಲಿ ಇದ್ದ ಹಾಗೆ —